ಪರದೆಯ ಮೈಮಾಟ, ಮನೆಯ ಕನ್ನಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಣ್ಣ, ತೂಕ, ಮೂಗು, ಮೈಕಟ್ಟು. ಟಿವಿ, ಸಿನಿಮಾ, ಫೋನಿನಲ್ಲಿ ಕಾಣುವ ಮೈಗಳು ನಮ್ಮ ಮೈಯನ್ನು ನಾವು ನೋಡುವ ಬಗೆಯನ್ನು ಹೇಗೆ ಬದಲಿಸುತ್ತವೆ ಎಂದು ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇವುಗಳ ಸುತ್ತಲೇ ಸುತ್ತುತ್ತವೆ. ಹೆಚ್ಚು ಸಲ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಬುಡದಿಂದ

ಬಾಡಿ ಇಮೇಜ್ ಬಾಡಿ ಇಮೇಜ್ ಅಂತಾರಲ್ಲ, 'ನಾನು ಚೆನ್ನಾಗಿಲ್ಲ' ಅನ್ನೋ ಕೊರಗಿಗೇ ಇಂಗ್ಲಿಷ್ ಹೆಸರಾ ಅದು?

ಕೊರಗು ಅದರ ಒಂದು ಎಳೆ ಅಷ್ಟೆ. ನಮ್ಮ ಮೈಯ ಬಗ್ಗೆ ನಮ್ಮ ತಲೆಯೊಳಗೆ ಒಂದು ಚಿತ್ರ ಇರುತ್ತದೆ, ಅದೇ ದೇಹಬಿಂಬ. ಸೊಂಟವನ್ನು ಇರುವುದಕ್ಕಿಂತ ನಾಲ್ಕು ಬೆರಳು ಅಗಲ ಎಂದುಕೊಳ್ಳುವ ಕಣ್ಣಂದಾಜು, ಅದರಿಂದ ಹುಟ್ಟುವ ನಾಚಿಕೆ ಅಥವಾ ಸಿಟ್ಟು, ಅದರ ಸುತ್ತ ಓಡುವ ಯೋಚನೆ, ಆ ಯೋಚನೆ ಮಾಡಿಸುವ ಕೆಲಸ, ಎಲ್ಲ ಸೇರಿ ಆ ಚಿತ್ರ ಮೂಡುತ್ತದೆ.

ಹೊರಗಿನವರಿಗೆ ಕಾಣುವುದು ಕೊನೆಯದು ಮಾತ್ರ. ಗುಂಪು ಫೋಟೊದಲ್ಲಿ ಯಾವಾಗಲೂ ಹಿಂದೆ ನಿಲ್ಲುವುದು, ಏಪ್ರಿಲ್ ಸೆಕೆಯಲ್ಲೂ ತುಂಬುತೋಳು, 'ಸ್ವಲ್ಪ ಸಣ್ಣ ಆದಮೇಲೆ' ಎಂದು ಸೀರೆ ಕೊಳ್ಳುವುದನ್ನು ಮುಂದೂಡುವುದು. ತೂಕದ ಮಾಪಕ ಏನು ತೋರಿಸುತ್ತದೆ ಎಂಬುದಕ್ಕೂ ಇದಕ್ಕೂ ನಂಟು ಕಡಿಮೆ. 50 ಕೆ.ಜಿ. ಇರುವವರು ಹೀಗೆ ಬದುಕುವುದುಂಟು, 90 ಇರುವವರು ಆರಾಮಾಗಿ ಇರುವುದೂ ಉಂಟು.

ಟಿವಿ ಬರೋಕೆ ಮುಂಚೇನೂ ಜನ ಚಂದದ ಬಗ್ಗೆ ತಲೆ ಕೆಡಿಸ್ಕೊಳ್ತಿದ್ರು. ಈಗ್ಯಾಕೆ ಮಾಧ್ಯಮದ ಮೇಲೆ ಗೂಬೆ ಕೂರಿಸೋದು?

ಕೆಡಿಸಿಕೊಳ್ಳುತ್ತಿದ್ದರು, ನಿಜ. ಆದರೆ ಹೋಲಿಸಿಕೊಳ್ಳಲು ಸಿಗುತ್ತಿದ್ದವರು ಓಣಿಯವರು, ನೆಂಟರು, ಜಾತ್ರೆಯಲ್ಲಿ ಕಂಡವರು. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ಇತರರ ಪಕ್ಕದಲ್ಲಿ ನಿಂತು ಎಂದು ಲಿಯಾನ್ ಫೆಸ್ಟಿಂಗರ್ ಎಂಬ ಮನೋವಿಜ್ಞಾನಿ 1954ರಲ್ಲೇ ಬರೆದಿದ್ದರು. ಆ ಪಕ್ಕದಲ್ಲಿ ಈಗ ಯಾರನ್ನು ತಂದು ನಿಲ್ಲಿಸಿದ್ದಾರೆ ಎಂಬುದೇ ತಕರಾರು.

ಇದನ್ನು ಹತ್ತಿರದಿಂದ ನೋಡಲು ಸಿಕ್ಕ ಜಾಗ ಫಿಜಿ ದ್ವೀಪಗಳ ನದ್ರೋಗಾ ಪ್ರಾಂತ್ಯ. ಮೈತುಂಬಿಕೊಂಡಿರುವುದನ್ನೇ ಸೊಗಸು ಎನ್ನುತ್ತಿದ್ದ ಸಮಾಜ ಅದು. ಅಲ್ಲಿಗೆ ಟಿವಿ ಬಂದದ್ದು 1995ರಲ್ಲಿ. ಆ ವರ್ಷ ಒಮ್ಮೆ, 1998ರಲ್ಲಿ ಇನ್ನೊಮ್ಮೆ, ಹಾರ್ವರ್ಡ್‌ನ ಆ್ಯನ್ ಬೆಕರ್ ತಂಡ ಶಾಲಾ ಹುಡುಗಿಯರನ್ನು ಮಾತಾಡಿಸಿತು. ಊಟದ ಬಗೆಗಿನ ಧೋರಣೆ ಆತಂಕದ ಮಟ್ಟ ದಾಟಿದವರು 12.7%ರಿಂದ 29.2%ಕ್ಕೆ ಏರಿದ್ದರು. ತೂಕಕ್ಕಾಗಿ ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವವರು ಮೊದಲ ಸಲ ಒಬ್ಬಳೂ ಇರಲಿಲ್ಲ. ಎರಡನೆಯ ಸಲ 11.3%. ಎರಡೂ ಸಲ ಕೇಳಿದ್ದು ಬೇರೆ ಬೇರೆ ಹುಡುಗಿಯರನ್ನು, ಸಂಖ್ಯೆಯೂ ಅರವತ್ತರ ಆಸುಪಾಸು. ಹಾಗಾಗಿ ಎಲ್ಲವೂ ಟಿವಿಯದೇ ಕೆಲಸ ಎಂದು ಆಣೆ ಮಾಡುವಂತಿಲ್ಲ. ಆದರೂ ಮೂರೇ ವರ್ಷದಲ್ಲಿ ಇಷ್ಟು ಬದಲಾವಣೆ ಸಣ್ಣದಲ್ಲ.

ನಮ್ಮಲ್ಲಿ ಇದೇ ಕಾಲ 1991ರ ಉದಾರೀಕರಣದ ಬೆನ್ನಿಗೆ ಬಂತು. ಮನೆಮನೆಗೆ ಕೇಬಲ್, 1994ರಲ್ಲಿ ವಿಶ್ವಸುಂದರಿ ಮತ್ತು ಭುವನಸುಂದರಿ ಎರಡೂ ಕಿರೀಟ, 1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ವಿಶ್ವಸುಂದರಿ ಸ್ಪರ್ಧೆ. ಪ್ರತಿಭಟನೆ ಜೋರಾಗಿ ಈಜುಡುಗೆ ಸುತ್ತನ್ನು ಸೇಶೆಲ್ಸ್‌ಗೆ ಒಯ್ದರು. ಆ ಗದ್ದಲದಲ್ಲಿ ಬಟ್ಟೆಯ ಅಳತೆಗೆ ಸಿಕ್ಕ ಗಮನದ ಕಾಲುಭಾಗವೂ ಮೈಯ ಅಳತೆಗೆ ಸಿಗಲಿಲ್ಲ.

ಅದೆಲ್ಲ ಎಡಿಟ್ ಮಾಡಿದ ಫೋಟೊ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಯಾಕೆ ನಾಟುತ್ತೆ?

ಈ ಪುಟದಲ್ಲಿ ಒಂದೇ ಪ್ರಶ್ನೆ ಓದುವುದಾದರೆ ಇದನ್ನೇ ಓದಿ. ಹೋಲಿಕೆ ನಡೆಯುವ ವೇಗಕ್ಕೂ ತಿಳಿವಳಿಕೆ ಬರುವ ವೇಗಕ್ಕೂ ತಾಳೆ ಇಲ್ಲ. ಚಿತ್ರ ಕಣ್ಣಿಗೆ ಬಿದ್ದ ಕ್ಷಣದಲ್ಲೇ ಮನಸ್ಸು ತಕ್ಕಡಿ ಹಿಡಿದಾಗಿರುತ್ತದೆ. 'ಇದು ಫಿಲ್ಟರ್' ಎಂಬ ಬುದ್ಧಿಮಾತು ಆಮೇಲೆ ಬರುತ್ತದೆ. ಅಷ್ಟರಲ್ಲಿ ಬೆರಳು ಮುಂದಿನ ಚಿತ್ರಕ್ಕೆ ಹೋಗಿರುತ್ತದೆ.

ಸರಕಾರಗಳೂ ಇದೇ ಕಡೆ ಎಡವಿವೆ. ರೂಪದರ್ಶಿಯ ಮೈಯನ್ನು ತಿದ್ದಿದ ಜಾಹೀರಾತಿಗೆ 'ತಿದ್ದಿದ ಚಿತ್ರ' ಎಂಬ ಸಾಲು ಇರಲೇಬೇಕು ಎಂದು ಫ್ರಾನ್ಸ್ 2017ರ ಅಕ್ಟೋಬರಿನಿಂದ ಕಡ್ಡಾಯ ಮಾಡಿತು. ನಾರ್ವೆಯಲ್ಲಿ 2022ರ ಜುಲೈಯಿಂದ ಅಂಥ ಜಾಹೀರಾತಿನ ಮೂಲೆಯಲ್ಲಿ ಚಿತ್ರದ ಸುಮಾರು 7%ರಷ್ಟು ಜಾಗಕ್ಕೆ ಗುರುತಿನ ಮುದ್ರೆ ಬೇಕು. ಪ್ರಾಮಾಣಿಕತೆಗೆ ಇವು ಒಳ್ಳೆಯ ನಿಯಮಗಳೇ. ಆದರೆ ಇಂಥ ಚೀಟಿ ಅಂಟಿಸಿ ನಡೆಸಿದ ಪ್ರಯೋಗಗಳು ಒಂದಾದ ಮೇಲೊಂದು ಹೇಳುವುದು ಒಂದೇ: ಚೀಟಿ ಓದಿದವರ ಕೊರಗು ಕಡಿಮೆಯಾಗುವುದಿಲ್ಲ. ಕೆಲವರು ಚೀಟಿ ಓದಿ, ತಿದ್ದಿದ್ದು ಎಲ್ಲಿ ಎಂದು ಆ ಮೈಯನ್ನೇ ಇನ್ನಷ್ಟು ಹೊತ್ತು ದಿಟ್ಟಿಸುತ್ತಾರೆ.

ಹಾಗಾಗಿ 'ಅದು ಸುಳ್ಳು ಕಣಮ್ಮ' ಎಂದು ಮಗಳಿಗೆ ನೂರು ಸಲ ಹೇಳಿದರೂ ಅರ್ಧ ಕೆಲಸವೇ. ಎಷ್ಟು ನೋಡುತ್ತೇವೆ, ಏನನ್ನು ನೋಡುತ್ತೇವೆ, ಮನೆಯಲ್ಲಿ ಮೈಯ ಬಗ್ಗೆ ಏನು ಮಾತಾಡುತ್ತೇವೆ ಎಂಬುದು ಬದಲಾದರೆ ಉಳಿದರ್ಧ.

## ಕ್ಯಾಮೆರಾ ಮಾಡುವ ಕೆಲಸ

ಕನ್ನಡೀಲಿ ಸರಿಯಾಗೇ ಕಾಣ್ತೀನಿ. ಸೆಲ್ಫೀಲಿ ಮಾತ್ರ ಮೂಗು ಬೋಂಡಾ ಥರ. ಯಾವುದು ನಿಜ?

ಸೆಲ್ಫಿಯನ್ನು ನಂಬಬೇಡಿ. ಇದು ಬರಿಯ ದೂರದ ಲೆಕ್ಕ. ಮೂಗಿನ ತುದಿಯಿಂದ ಕಿವಿಯ ಮಟ್ಟಕ್ಕೆ ಸುಮಾರು 12 ಸೆಂ.ಮೀ. ಎಂದಿಟ್ಟುಕೊಳ್ಳಿ. ಫೋನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ದರೆ ಕಿವಿ 42 ಸೆಂ.ಮೀ. ದೂರದಲ್ಲಿರುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಬೀಳುತ್ತದೆ. ಅದೇ ಫೋನನ್ನು 150 ಸೆಂ.ಮೀ. ದೂರ ಇಟ್ಟರೆ ಮೂಗಿಗೆ 150, ಕಿವಿಗೆ 162. ಅಷ್ಟು ದೂರದ ಎದುರು ಅದೇ 12 ಸೆಂ.ಮೀ. ಲೆಕ್ಕಕ್ಕೇ ಇಲ್ಲ. ಅಮೆರಿಕದ ಶಸ್ತ್ರವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ 5 ಅಡಿಯಿಂದ ತೆಗೆದ ಚಿತ್ರಕ್ಕಿಂತ 12 ಇಂಚಿನ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲ ಕಾಣುತ್ತದೆ. ಸೆಲ್ಫಿ ತೋರಿಸಿ ಮೂಗು ಸಣ್ಣ ಮಾಡಿ ಎಂದು ಕೇಳುವವರು ಹೆಚ್ಚಿದ್ದರಿಂದಲೇ ಅವರು ಈ ಲೆಕ್ಕಕ್ಕೆ ಕೈಹಾಕಿದ್ದು.

ನೀವೇ ಪರೀಕ್ಷಿಸಬಹುದು. ಬೆಳಗ್ಗೆ ಕಿಟಕಿಗೆ ಮುಖಮಾಡಿ ನಿಂತು ಕೈಯಳತೆಯಲ್ಲಿ ಒಂದು ಫೋಟೊ ತೆಗೆಯಿರಿ. ಆಮೇಲೆ ಫೋನನ್ನು ಒಂದೂವರೆ ಮೀಟರ್ ಆಚೆ ಡಬ್ಬಿಗೆ ಒರಗಿಸಿ, ಹಿಂದಿನ ಕ್ಯಾಮೆರಾದಿಂದ ಟೈಮರ್ ಇಟ್ಟು ಇನ್ನೊಂದು. ಎರಡನೆಯದನ್ನು ಕತ್ತರಿಸಿ ಮೊದಲನೆಯದರ ಗಾತ್ರಕ್ಕೆ ತಂದು ಪಕ್ಕಪಕ್ಕ ಇಡಿ. ಊರಿನವರು ನೋಡುವ ಮುಖ ಎರಡನೆಯದು.

ಇನ್ನೊಂದು ವಿಷಯ: ಕನ್ನಡಿಯಲ್ಲಿ ಕಾಣುವುದು ಎಡಬಲ ತಿರುಗಿದ ಮುಖ. ಹುಟ್ಟಿದಾಗಿನಿಂದ ನಿಮಗೆ ರೂಢಿ ಅದೇ. ಬೇರೆಯವರು ತೆಗೆದ ಫೋಟೊದಲ್ಲಿ ಬೈತಲೆ ಇನ್ನೊಂದು ಕಡೆ ಹೋಗಿ, ಮುಖ 'ಸೊಟ್ಟ' ಎನಿಸುವುದಕ್ಕೆ ಅಷ್ಟೇ ಕಾರಣ.

ಬ್ಯೂಟಿ ಫಿಲ್ಟರ್ ಹಾಕ್ಕೊಂಡ್ರೆ ಯಾರಿಗೇನು ನಷ್ಟ?

ಹಬ್ಬದ ಫೋಟೊಗೆ ಒಮ್ಮೆ ಹಾಕಿದರೆ ಏನೂ ಇಲ್ಲ. ತೊಂದರೆ ಇರುವುದು ದಿನವೂ ಹಾಕಿಕೊಂಡಾಗ. ಫಿಲ್ಟರ್ ಮಾಡುವ ಕೆಲಸಗಳು ಬೆರಳೆಣಿಕೆಯವು: ಚರ್ಮದ ರಂಧ್ರ ಅಳಿಸುವುದು, ಕಣ್ಣು ಹಿಗ್ಗಿಸುವುದು, ದವಡೆ ಕಿರಿದಾಗಿಸುವುದು, ಮೂಗು ತೆಳ್ಳಗೆ, ತುಟಿ ತುಂಬಿಸುವುದು, ಬಣ್ಣ ಒಂದೆರಡು ಮೆಟ್ಟಿಲು ಮೇಲೆ. ಎಲ್ಲರ ಮುಖಕ್ಕೂ ಅದೇ ಅಚ್ಚು. ಆರು ತಿಂಗಳು ಆ ಮುಖವನ್ನೇ 'ನಾನು' ಎಂದು ನೋಡಿದವರಿಗೆ ಹಲ್ಲುಜ್ಜುವಾಗ ಕಾಣುವ ಮುಖ ಬೇರೆ ಯಾರದ್ದೋ ಅನಿಸತೊಡಗುತ್ತದೆ. ಮೊದಲು ನಟಿಯರ ಫೋಟೊ ಹಿಡಿದು ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗುತ್ತಿದ್ದವರು ಈಗ ತಮ್ಮದೇ ಫಿಲ್ಟರ್ ಫೋಟೊ ಹಿಡಿದು ಹೋಗುತ್ತಾರೆ. ಇಂಥ ಫಿಲ್ಟರ್‌ಗಳಿರುವ ಸ್ನ್ಯಾಪ್‌ಚಾಟ್ ಆ್ಯಪ್‌ನ ಹೆಸರಿನಲ್ಲೇ ವೈದ್ಯರು ಇದಕ್ಕೆ ಇಟ್ಟ ಅಡ್ಡಹೆಸರು ಸ್ನ್ಯಾಪ್‌ಚಾಟ್ ಡಿಸ್‌ಮಾರ್ಫಿಯ, ಅಂದರೆ ಇಲ್ಲದ ಕುಂದು ಕಾಣುವ ಗೀಳು.

ಎಷ್ಟೋ ಫೋನುಗಳಲ್ಲಿ ನೀವು ಕೇಳದಿದ್ದರೂ ಇದು ಚಾಲೂ ಇರುತ್ತದೆ. ಮುಂದಿನ ಕ್ಯಾಮೆರಾ ತೆರೆದು ಬ್ಯೂಟಿ, ರೀಟಚ್ ಅಥವಾ ಮಾಂತ್ರಿಕದಂಡದ ಗುರುತು ಹುಡುಕಿ, ಪಟ್ಟಿಯನ್ನು ಸೊನ್ನೆಗೆ ಎಳೆಯಿರಿ. ವಿಡಿಯೊ ಕರೆಯ ಆ್ಯಪ್‌ಗಳಲ್ಲಿ ಇದನ್ನು ಬೇರೆಯಾಗಿ ಆರಿಸಬೇಕು.

ಸಿನಿಮಾ ಹೀರೋಗಳಿಗೆ ಮೂರು ತಿಂಗಳಲ್ಲಿ ಸಿಕ್ಸ್ ಪ್ಯಾಕ್ ಬರುತ್ತೆ. ನನಗ್ಯಾಕೆ ಬರಲ್ಲ?

ಹೊಟ್ಟೆಯ ಈ ಸ್ನಾಯುಗಂಟುಗಳು ಎಲ್ಲರಿಗೂ ಇವೆ, ಮೇಲೆ ಕೊಬ್ಬಿನ ಕಂಬಳಿ ಹೊದ್ದಿವೆ. ಗಂಡಸರಲ್ಲಿ ಮೈಕೊಬ್ಬು ಸುಮಾರು 10%ಕ್ಕೆ ಇಳಿದಾಗ ಅವು ಎದ್ದು ಕಾಣುತ್ತವೆ. ಆರೋಗ್ಯವಂತ ಗಂಡಸಿನ ಕೊಬ್ಬು ಸಾಮಾನ್ಯವಾಗಿ 15ರಿಂದ 20%. ಅಂದರೆ ಸಿಕ್ಸ್ ಪ್ಯಾಕ್ ಇಲ್ಲದವನು ಅನಾರೋಗ್ಯವಂತ ಅಲ್ಲ.

ಪರದೆಯಲ್ಲಿ ಕಾಣುವುದು ಒಂದು ದಿನದ ಮೈ. ಶೂಟಿಂಗಿನ ಹಿಂದಿನ ದಿನಗಳಲ್ಲಿ ಉಪ್ಪು, ನೀರು ಕಡಿತ, ಶಾಟ್‌ಗೆ ಐದು ನಿಮಿಷ ಮೊದಲು ದಂಡ ಹೊಡೆದು ರಕ್ತ ಏರಿಸುವುದು, ಮೈಗೆ ಎಣ್ಣೆ, ಗಂಟುಗಳ ನೆರಳು ಬೀಳಲು ತಲೆಯ ಮೇಲಿಂದ ದೀಪ, ಬೇಕಾದರೆ ಕಂಪ್ಯೂಟರಿನಲ್ಲಿ ಕೊನೆಯ ತಿದ್ದುಪಡಿ. ನೀರು ಕಡಿತವನ್ನು ಮನೆಯಲ್ಲಿ ಮಾಡಹೋದರೆ ಸ್ನಾಯು ಸೆಳೆತ, ತಲೆಸುತ್ತು, ಮೂತ್ರಪಿಂಡಕ್ಕೆ ಪೆಟ್ಟು. ಹೊಸದಾಗಿ ಜಿಮ್ ಸೇರಿದವರಿಗೆ ಚೆನ್ನಾಗಿ ತಿಂದು, ಚೆನ್ನಾಗಿ ಮಲಗಿದರೆ ತಿಂಗಳಿಗೆ ಅರ್ಧದಿಂದ ಒಂದು ಕೆ.ಜಿ. ಸ್ನಾಯು ಬರಬಹುದು. ಆಮೇಲೆ ವೇಗ ಇಳಿಯುತ್ತದೆ.

ಆಟಿಕೆಗಳೂ ಇದಕ್ಕೆ ಹೊರತಲ್ಲ. 1990ರ ದಶಕದ ಒಂದು ಜಿ.ಐ. ಜೋ ಎಂಬ ಅಮೆರಿಕದ ಸೈನಿಕ ಗೊಂಬೆಯನ್ನು ನಿಜ ಮನುಷ್ಯನ ಎತ್ತರಕ್ಕೆ ಹಿಗ್ಗಿಸಿದರೆ ತೋಳಿನ ಸುತ್ತಳತೆ 26 ಇಂಚು ದಾಟುತ್ತಿತ್ತು. ಎಷ್ಟೋ ಹುಡುಗಿಯರ ಸೊಂಟ ಅಷ್ಟಿರುತ್ತದೆ!

## ಬಣ್ಣದ ಮಾತು

ಕ್ರೀಮ್ ಹಚ್ಚಿದ್ರೆ ನಿಜವಾಗ್ಲೂ ಬೆಳ್ಳಗಾಗ್ತಾರಾ?

ಹುಟ್ಟಿನಿಂದ ಬಂದ ಬಣ್ಣ ಕ್ರೀಮಿಗೆ ಜಗ್ಗುವುದಿಲ್ಲ. ಕಪ್ಪಗಿರಲಿ ಬೆಳ್ಳಗಿರಲಿ, ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ದ್ರವ್ಯ) ಮಾಡುತ್ತವೆ, ಎಂಥ ಪೊಟ್ಟಣದಲ್ಲಿ ಕಟ್ಟಿ ಮೇಲಿನ ಪದರಕ್ಕೆ ಕಳಿಸುತ್ತವೆ ಎಂಬುದನ್ನು ಜೀನುಗಳು ನಿರ್ಧರಿಸುತ್ತವೆ. ಕ್ರೀಮುಗಳಲ್ಲಿ ಬೆರೆಸುವ ನಯಾಸಿನಮೈಡ್‌ನಂಥ ಪದಾರ್ಥ ಆ ಪೊಟ್ಟಣಗಳ ಸಾಗಣೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ, ಹಚ್ಚುವಷ್ಟು ದಿನ ಮಾತ್ರ. ಬಿಸಿಲಿಗೆ ಕಂದಿದ ಮುಖವನ್ನು ಬಿಸಿಲು ಬೀಳದ ಒಳತೋಳಿನ ಬಣ್ಣಕ್ಕೆ ಹತ್ತಿರ ತರಬಹುದು. ಒಳತೋಳಿಗಿಂತ ಬೆಳ್ಳಗೆ ಮಾಡುತ್ತೇವೆ ಎಂದವರನ್ನು ಅಲ್ಲೇ ನಿಲ್ಲಿಸಿ.

ಅದಕ್ಕಾದರೆ ಸನ್‌ಸ್ಕ್ರೀನ್ ಸಾಕು: ಎಸ್‌ಪಿಎಫ್ 30, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಮುಖ-ಕತ್ತಿಗೆ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ. ಕಡಲೆಕಾಳಿನಷ್ಟು ಹಚ್ಚಿ 'ಕೆಲಸ ಮಾಡಲಿಲ್ಲ' ಎನ್ನುವವರೇ ಹೆಚ್ಚು.

ಜಾಹೀರಾತಿನ ಕೈಚಳಕ ಹಳೆಯದು. 'ಮೊದಲು' ಚಿತ್ರದಲ್ಲಿ ಬದಿಯಿಂದ ಮಂದ ಬೆಳಕು, ಕೆದರಿದ ಕೂದಲು, ಬಾಡಿದ ಮುಖ. 'ನಂತರ'ದಲ್ಲಿ ಎದುರಿನಿಂದ ಬೆಳಕು, ನಗು. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದು, 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆದುಹಾಕಿತು. ಮದುವೆ ಜಾಹೀರಾತುಗಳಲ್ಲಿ ಮಾತ್ರ ಎಣ್ಣೆಗೆಂಪು, ಗೋಧಿಬಣ್ಣಗಳ ಶ್ರೇಣಿ ಹಾಗೆಯೇ ಇದೆ. ಪೊಲೀಸರ ಕಾಣೆಯಾದವರ ಪ್ರಕಟಣೆ ಓದಿ ನೋಡಿ: 'ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕೋಲು ಮುಖ'. ಊರಿನ ಮುಕ್ಕಾಲುಪಾಲು ಜನರ ಚಹರೆ ಅದು. ಜಾಹೀರಾತುಗಳಿಂದ ಕಾಣೆಯಾಗಿರುವ ಚಹರೆಯೂ ಅದೇ.

ಮೆಡಿಕಲ್ ಶಾಪಲ್ಲಿ ಕೊಟ್ಟ ಟ್ಯೂಬಿಂದ ಹದಿನೈದು ದಿನಕ್ಕೇ ಮುಖ ಬೆಳ್ಳಗಾಯ್ತು. ಈಗ ಬಿಟ್ರೆ ಉರಿ, ಕೆಂಪು, ಮೊಡವೆ. ಏನಾಯ್ತು?

ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆಯೇ ಹೆಚ್ಚು. ಸಣ್ಣ ಅಕ್ಷರದಲ್ಲಿ ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಇವೆಯೇ ಹುಡುಕಿ. ಮೊಮೆಟಾಸೋನ್ ಜತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿದ ತ್ರಿವಳಿ ಕ್ರೀಮು ಮುಖದ ಬಂಗಿಗೆ (ಕಂದು ಕಲೆಗೆ) ವೈದ್ಯರು ಕೆಲವೇ ವಾರ ಕೊಡುವ ಔಷಧ. ಅದನ್ನು ಫೇರ್‌ನೆಸ್ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ರಕ್ತನಾಳದ ಎಳೆಗಳು ಕಾಣುತ್ತವೆ, ಮೀಸೆಯ ಜಾಗದಲ್ಲಿ ಕೂದಲು ಬರುತ್ತದೆ, ಬಿಸಿಲು ತಾಗಿದರೆ ಧಗಧಗ. ಹಚ್ಚಿದರೆ ತಣ್ಣಗಾಗುತ್ತದೆ, ಬಿಟ್ಟರೆ ಉರಿಯುತ್ತದೆ. ಹಾಗಾಗಿ ಮತ್ತೆ ಹಚ್ಚುತ್ತಾರೆ. ಚರ್ಮವೈದ್ಯರು ಇದನ್ನು ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಎಂದೇ ಗುರುತಿಸುತ್ತಾರೆ.

ಟ್ಯೂಬನ್ನು ಎಸೆಯದೆ ಚರ್ಮವೈದ್ಯರಿಗೆ ತೋರಿಸಿ. ಎಷ್ಟು ತಿಂಗಳು ಹಚ್ಚಿದಿರಿ ಎಂದು ನಿಜ ಹೇಳಿ. ಒಮ್ಮೆಲೇ ನಿಲ್ಲಿಸುವುದೋ, ಹಂತಹಂತವಾಗಿ ಇಳಿಸುವುದೋ ಅವರು ತೀರ್ಮಾನಿಸಲಿ. ಚೇತರಿಕೆಗೆ ವಾರಗಳಲ್ಲ, ತಿಂಗಳುಗಳು ಬೇಕು. ಅಲ್ಲಿಯವರೆಗೆ ಫೇಶಿಯಲ್, ಬ್ಲೀಚ್, ನಿಂಬೆರಸ ಯಾವುದೂ ಬೇಡ. ಇಂಥ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಕೇಂದ್ರ ಸರಕಾರ 2018ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರದಂತೆ ಶೆಡ್ಯೂಲ್ ಎಚ್ ಎಂಬ ಔಷಧಪಟ್ಟಿಗೆ ಸೇರಿಸಿತು. ಕೌಂಟರಿನಲ್ಲಿ ಕೇಳಿದವರಿಗೆಲ್ಲ ಕೊಡುವುದು ಇನ್ನೂ ನಿಂತಿಲ್ಲ.

ಡಬ್ಬಿಯ ಮೇಲೆ ತಯಾರಕರ ವಿಳಾಸವೇ ಇಲ್ಲದ, ಹೊರದೇಶದ್ದು ಎಂದು ಮಾರುವ ಕ್ರೀಮುಗಳ ಅಪಾಯ ಬೇರೆಯೇ: ಪಾದರಸ. ಸೌಂದರ್ಯವರ್ಧಕದಲ್ಲಿ ತಿಳಿಯದೆ ಬೆರೆತ ಪಾದರಸ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು ಎಂಬುದು ನಿಯಮ. 'ಚಿನ್ನ, ಬೆಳ್ಳಿಯ ಒಡವೆಗೆ ತಾಗಿಸಬೇಡಿ' ಎಂದು ಬರೆದಿದ್ದರೆ, ಕ್ಯಾಲೊಮೆಲ್ ಎಂಬ ಹೆಸರಿದ್ದರೆ ಮುಟ್ಟಲೇಬೇಡಿ. ಇಂಥ ಕ್ರೀಮು ಹಚ್ಚಿ ಮೂತ್ರಪಿಂಡ ಕೆಟ್ಟವರ ಬಗ್ಗೆ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2023ರಲ್ಲಿ ಎಚ್ಚರಿಸಿದ್ದರು. ಮೂತ್ರದಲ್ಲಿ ನೊರೆ, ಬೆಳಗ್ಗೆ ಕಣ್ಣಿನ ಸುತ್ತ ಊತ, ಸಂಜೆ ಕಾಲಿನಲ್ಲಿ ಬಾವು ಕಂಡರೆ ಅದೇ ದಿನ ಮೂತ್ರ ಪರೀಕ್ಷೆ ಮಾಡಿಸಿ.

ಕಪ್ಪಗಿರೋರನ್ನ ಕೀಳಾಗಿ ತೋರಿಸೋ ಜಾಹೀರಾತಿಗೆ ಕಾನೂನೇ ಇಲ್ವಾ?

ಇದೆ, ಆದರೆ ಚೂರುಚೂರಾಗಿ. ಮೈಬಣ್ಣದ ಕಾರಣಕ್ಕೆ ಯಾರನ್ನೂ ಕುರೂಪಿ, ದುಃಖಿ, ಸೋತವರು ಎಂದು ತೋರಿಸುವಂತಿಲ್ಲ ಎಂದು ಜಾಹೀರಾತು ಮಾನದಂಡ ಮಂಡಳಿ (ಎಎಸ್‌ಸಿಐ) 2014ರಲ್ಲಿ ಸೂಚಿಸಿತು. ಇದು ಉದ್ಯಮವೇ ಮಾಡಿಕೊಂಡ ಮಂಡಳಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮಕ್ಕಳಲ್ಲಿ ತಮ್ಮ ಮೈಯ ಬಗ್ಗೆ ಕೀಳರಿಮೆ ಹುಟ್ಟಿಸುವ ಜಾಹೀರಾತು ಕೂಡದು ಎಂದು 2022ರ ಮಾರ್ಗಸೂಚಿಯಲ್ಲಿದೆ.

ಹೆಚ್ಚಿನವರಿಗೆ ತಿಳಿಯದ್ದು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ. ಔಷಧದಿಂದ ಎತ್ತರ ಹೆಚ್ಚಿಸುತ್ತೇವೆ, ಬೊಜ್ಜು ವಾಸಿಮಾಡುತ್ತೇವೆ, ಸ್ತನದ ಆಕಾರ ಬದಲಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅದರಡಿ ಅಪರಾಧ. ಬಸ್ ನಿಲ್ದಾಣದ ಗೋಡೆ ನೋಡಿದರೆ ಕಾಯ್ದೆಯ ಗತಿ ಗೊತ್ತಾಗುತ್ತದೆ. ಬೆಳ್ಳಗೆ ಮಾಡುತ್ತೇವೆ ಎಂಬ ಮಾತು ಮಾತ್ರ ಕಾಯ್ದೆಯ ಆ ಪಟ್ಟಿಯಲ್ಲಿ ಇಲ್ಲ. ಸೇರಿಸುವ ಕರಡು 2020ರಲ್ಲಿ ಪ್ರಕಟವಾಗಿತ್ತು.

ದೂರು ಕೊಡಲು ಜಾಹೀರಾತಿನ ಸ್ಕ್ರೀನ್‌ಶಾಟ್, ದಿನಾಂಕ, ಸಮಯ, ವಾಹಿನಿ ಅಥವಾ ಖಾತೆಯ ಹೆಸರು, ಯಾವ ಮಾತು ಸುಳ್ಳು ಎಂಬ ಒಂದು ಸಾಲು ಇರಲಿ. ಮಂಡಳಿಯ ಜಾಲತಾಣದಲ್ಲಿ ಹಾಕಬಹುದು, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು.

## ಮನೆ, ಮಕ್ಕಳು

ಮದುವೆಮನೇಲಿ ಎಲ್ಲರೆದುರು 'ಏನೇ ಇಷ್ಟು ಊದ್ಕೊಂಡಿದ್ದೀಯ' ಅಂತಾರೆ ದೊಡ್ಡಮ್ಮ. ಏನಂತ ಹೇಳೋದು?

ಉತ್ತರ ಚಿಕ್ಕದಿರಲಿ, ಮೈಯ ವಿಷಯಕ್ಕೆ ಹೋಗದಿರಲಿ. 'ಚೆನ್ನಾಗಿದ್ದೀನಿ ದೊಡ್ಡಮ್ಮ, ನಿಮ್ಮ ಮಂಡಿನೋವು ಹೇಗಿದೆ?' ಇಷ್ಟು ಸಾಕು. ಥೈರಾಯ್ಡ್, ಡಯಟ್ ಎಂದು ಕಾರಣ ಕೊಡಲು ಹೋದರೆ ಪಂಕ್ತಿಯಲ್ಲಿದ್ದವರೆಲ್ಲ ಒಂದೊಂದು ಕಷಾಯ ಹೇಳುತ್ತಾರೆ. ಮಗು ಎದುರಿಗಿದ್ದರೆ ತಾಯಿತಂದೆಯೇ ನಡುವೆ ಬರಬೇಕು: 'ಅವಳ ಮೈ ಬಗ್ಗೆ ನಾವು ಮನೇಲಿ ಮಾತಾಡಲ್ಲ, ಅತ್ತಿಗೆ.' ಮಗುವಿಗೆ ಆ ಒಂದು ಸಾಲು ವರ್ಷಗಟ್ಟಲೆ ನೆನಪಿರುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಹೋಳಿಗೆ ಮುಂದೆ ಕೂತು 'ಅಯ್ಯೋ ನನ್ನ ಹೊಟ್ಟೆ ನೋಡು' ಎಂದು ತನ್ನನ್ನೇ ಬೈದುಕೊಳ್ಳುವ ಅಮ್ಮನ ಮಾತೂ ಪಕ್ಕದಲ್ಲಿ ಕೂತ ಮಗಳ ಕಿವಿಗೆ ಬೀಳುತ್ತದೆ. 'ಸಣ್ಣ ಆಗಿದ್ದೀಯ, ಚೆನ್ನಾಗಿ ಕಾಣ್ತೀಯ' ಎಂಬ ಹೊಗಳಿಕೆಯೂ ಅದೇ ತಕ್ಕಡಿಯದು. ಜ್ವರ ಬಂದು ಇಳಿದವರಿಗೂ ಅದನ್ನೇ ಹೇಳುತ್ತೇವೆ.

ಮಗಳಿಗೆ 14. ರಾತ್ರಿ ಊಟ ಬಿಟ್ಟಿದ್ದಾಳೆ, 'ಡಯಟ್' ಅಂತಾಳೆ. ಯಾವಾಗ ಹೆದರಬೇಕು?

ಮೊದಲು ಒಂದು ಸಮಾಧಾನ: 10ರಿಂದ 16ರ ನಡುವೆ ಹುಡುಗಿಯರ ತೂಕ 15ರಿಂದ 20 ಕೆ.ಜಿ. ಏರುವುದು, ಸೊಂಟ-ತೊಡೆ ತುಂಬಿಕೊಳ್ಳುವುದು ಬೆಳವಣಿಗೆಯ ಲೆಕ್ಕ. ಅದನ್ನು ಅವಳಿಗೂ ಹೇಳಿ.

ಹೆದರಬೇಕಾದದ್ದು ಇವಕ್ಕೆ: ಎರಡು-ಮೂರು ತಿಂಗಳಿಂದ ಮುಟ್ಟು ನಿಂತಿರುವುದು, ಬೇಸಿಗೆಯಲ್ಲೂ ಚಳಿ ಎನ್ನುವುದು, ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬೀಳುವುದು, ಊಟವಾದ ಕೂಡಲೇ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಡುವುದು, ಅನ್ನವನ್ನು ಸಣ್ಣಸಣ್ಣ ತುತ್ತಾಗಿ ಮುರಿದು ತಟ್ಟೆ ತುಂಬ ಹರಡುವುದು, ಎಲ್ಲರಿಗೂ ಅಡುಗೆ ಮಾಡಿ ಬಡಿಸಿ ತಾನು ತಿನ್ನದಿರುವುದು. ಎಚ್ಚರವಿದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಮೂರ್ಛೆ ಹೋದರೆ, ಎದೆ ಡವಗುಟ್ಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪೊಟ್ಯಾಸಿಯಂ ಮತ್ತು ಇಸಿಜಿ ನೋಡಬೇಕು.

ಹದಿಹರೆಯದವರಲ್ಲಿ ಚೆನ್ನಾಗಿ ಫಲ ಕೊಟ್ಟಿರುವ ಚಿಕಿತ್ಸೆಯಲ್ಲಿ ತಂದೆತಾಯಿಯೇ ಮುಖ್ಯ. ಸದ್ಯಕ್ಕೆ ಏನು, ಎಷ್ಟು ಎಂಬುದನ್ನು ದೊಡ್ಡವರು ತೀರ್ಮಾನಿಸಿ, ಮೂರು ಊಟ, ಎರಡು-ಮೂರು ತಿಂಡಿಯ ಹೊತ್ತಿಗೆ ಯಾರಾದರೊಬ್ಬರು ಜತೆಗೆ ಕೂರುತ್ತಾರೆ. ಬೈಗುಳ ಇಲ್ಲ, ಲಂಚ ಇಲ್ಲ, ತಟ್ಟೆ ಎದುರು ತೂಕದ ಮಾತಿಲ್ಲ. ಇದನ್ನು ಮಕ್ಕಳ ವೈದ್ಯರು ಮತ್ತು ಮನೋವೈದ್ಯರ ಮೇಲ್ವಿಚಾರಣೆಯಲ್ಲೇ ಮಾಡಿ. ವಾರಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೇ ಹೊಟ್ಟೆ ತುಂಬ ತುರುಕಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ.

ಮಗ ಜಿಮ್‌ಗೆ ಸೇರಿ ಎರಡೇ ತಿಂಗಳಿಗೆ ಗುರುತು ಸಿಗದಷ್ಟು ದಪ್ಪ ಆಗಿದ್ದಾನೆ. ಪೌಡರ್ ಅಂತಾನೆ. ನಂಬಬಹುದಾ?

ಪೌಡರಿಗೆ ಅಷ್ಟು ಶಕ್ತಿ ಇಲ್ಲ. ಡಬ್ಬಿಯ ಜತೆ ಬರುವ ಅಳತೆಚಮಚದಲ್ಲಿ ಒಂದು ಚಮಚ ವೇ (ಹಾಲಿನಿಂದ ತೆಗೆದ ಪ್ರೋಟೀನ್) ಪೌಡರಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, ಅಂದರೆ ನಾಲ್ಕು ಮೊಟ್ಟೆಯಷ್ಟು. ಭಾರ ಎತ್ತುವವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ದಾಟಿದರೆ ಹೆಚ್ಚಿನ ಲಾಭವೂ ಇಲ್ಲ. ಎರಡು ತಿಂಗಳಲ್ಲಿ 8-10 ಕೆ.ಜಿ. ಗಟ್ಟಿಮೈ ಬಂದು, ಜತೆಗೆ ಬೆನ್ನು-ಭುಜದ ತುಂಬ ಮೊಡವೆ, ಮೊಲೆತೊಟ್ಟಿನ ಕೆಳಗೆ ನೋಯುವ ಗಂಟು, ಮಾತುಮಾತಿಗೆ ಸಿಡುಕು ಇದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ನಿನ (ಕ್ರೀಮಿನದಲ್ಲ, ಸ್ನಾಯು ಬೆಳೆಸುವ ಹಾರ್ಮೋನಿನ) ಅನುಮಾನ ಪಡಲೇಬೇಕು. 'ಸೈಕಲ್' ಎಂಬ ಮಾತು ಫೋನಿನಲ್ಲಿ ಕೇಳಿಬಂದರೆ ಅದು ಎರಡು ಚಕ್ರದ್ದಲ್ಲ, ಸ್ಟೀರಾಯ್ಡ್ ಚುಚ್ಚಿಕೊಳ್ಳುವ ಸರದಿ.

ಹೊರಗಿನಿಂದ ಹಾರ್ಮೋನು ಸುರಿದಾಗ ವೃಷಣ ತನ್ನ ಕೆಲಸ ನಿಲ್ಲಿಸಿ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ. ರಕ್ತ ಮಂದವಾಗುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ. ಬೈದರೆ ಮುಚ್ಚಿಡುತ್ತಾನೆ. ಎಂಡೊಕ್ರೈನ್ (ಹಾರ್ಮೋನು) ವೈದ್ಯರ ಬಳಿ ಕರೆದೊಯ್ದು ರಕ್ತದ ಸಾಂದ್ರತೆ, ಕೊಲೆಸ್ಟರಾಲ್, ಯಕೃತ್ತು, ಟೆಸ್ಟೊಸ್ಟಿರೋನ್, ಎಲ್‌ಎಚ್ (ವೃಷಣಕ್ಕೆ ಕೆಲಸ ಹಚ್ಚುವ ಹಾರ್ಮೋನು) ಪರೀಕ್ಷೆ ಮಾಡಿಸಿ. ನಿಲ್ಲಿಸಿದ ಮೇಲೆ ಕೆಲವು ತಿಂಗಳು ಮಂಕು ಕವಿಯುತ್ತದೆ. ಆಗ ಒಂಟಿ ಬಿಡಬೇಡಿ.

ಇಷ್ಟೆಲ್ಲ ಆದಮೇಲೂ 'ನಾನಿನ್ನೂ ಸಣಕಲ' ಎನ್ನುತ್ತಿದ್ದರೆ ಅದು ಸ್ನಾಯು ಗೀಳು, ಮನೋವೈದ್ಯರ ವಿಷಯ.

ಮೊಬೈಲ್ ಕಿತ್ಕೊಂಡ್ರೆ ಎಲ್ಲಾ ಸರಿಹೋಗುತ್ತಾ?

ಕಿತ್ತುಕೊಂಡರೆ ಜಗಳ, ಕಡಿಮೆ ಮಾಡಿದರೆ ಫಲ. ಕೆನಡಾದಲ್ಲಿ 17ರಿಂದ 25 ವಯಸ್ಸಿನ 220 ವಿದ್ಯಾರ್ಥಿಗಳ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಮಾಜಿಕ ಜಾಲತಾಣವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿದವರು ಮೂರೇ ವಾರದಲ್ಲಿ ತಮ್ಮ ತೂಕ, ರೂಪದ ಬಗ್ಗೆ ಮೊದಲಿಗಿಂತ ಸಮಾಧಾನವಾಗಿದ್ದರು. ಕಂಪನಿಗಳಿಗೂ ಇದು ಗೊತ್ತಿಲ್ಲದ್ದೇನಲ್ಲ. ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ದೇಹದ ಕೊರಗನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತಿದೆ ಎಂದು ಫೇಸ್‌ಬುಕ್‌ನ ಒಳಗಿನ ಟಿಪ್ಪಣಿಯೇ ಹೇಳಿದ್ದು 2021ರಲ್ಲಿ ಬಯಲಾಯಿತು.

ಫೀಡ್ ತಿದ್ದುವುದು ಹೀಗೆ. ಮೊದಲ 50 ರೀಲ್ ನೋಡುತ್ತ, ನೋಡಿದ ಮೇಲೆ ಮನಸ್ಸು ಕುಗ್ಗಿಸಿದವಕ್ಕೆ ಕಾಗದದ ಮೇಲೆ ಗೆರೆ ಹಾಕಿ. ಆ ಖಾತೆಗಳನ್ನು ಮ್ಯೂಟ್ ಮಾಡಿ, ಅಂಥ ರೀಲ್ ಮೇಲೆ ಬೆರಳೊತ್ತಿ 'ನಾಟ್ ಇಂಟರೆಸ್ಟೆಡ್' ಆರಿಸಿ. ಸಿಟ್ಟಿನಿಂದ ಕಾಮೆಂಟ್ ಹಾಕಬೇಡಿ, ನಿಂತು ನೋಡಬೇಡಿ. ಯಂತ್ರಕ್ಕೆ ಸಿಟ್ಟೂ ಇಷ್ಟವೂ ಒಂದೇ. ಅದರ ಬದಲು ಯಕ್ಷಗಾನವೋ ಚಾರಣವೋ ತೋಟವೋ, ನಿಮಗೆ ನಿಜಕ್ಕೂ ಬೇಕಾದ್ದನ್ನು ದಿನಕ್ಕೆ ನಾಲ್ಕೈದು ಸಲ ಹುಡುಕಿ, ಕೊನೆಯವರೆಗೆ ನೋಡಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಪರದೆಯ ಬಣ್ಣ ಬದಲಾಗುತ್ತದೆ. ಫೋನು ಬಿಡಲು ಆಗುತ್ತಲೇ ಇಲ್ಲ ಎನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಎಂಬ ಪ್ರತ್ಯೇಕ ಕ್ಲಿನಿಕ್ ಇದೆ.

## ಇನ್ನೂ ಆಳಕ್ಕೆ

ಹಾಗಾದ್ರೆ 'ನನ್ನ ಮೈ ನನ್ನ ಹೆಮ್ಮೆ' ಅಂತ ಕೂತು ಶುಗರ್ ಬರಿಸ್ಕೊಳ್ಳೋದಾ?

ಬೇಡ. ರೂಪದ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ಎಚ್ಚರ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಲಿ. ಬಿಎಂಐ ಸೂತ್ರ 19ನೇ ಶತಮಾನದ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕ್ವೆಟ್ಲೆ ಜನಸಮೂಹದ ಸರಾಸರಿಗೆಂದು ಮಾಡಿದ್ದು, ಒಬ್ಬೊಬ್ಬರ ಜಾತಕವಲ್ಲ. ಅದಕ್ಕೇ ಜತೆಗೆ ರಕ್ತದೊತ್ತಡ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ನೋಡಬೇಕು. ನಾಚಿಕೆ ಹುಟ್ಟಿಸಿದರೆ ಜನ ತೂಕ ಇಳಿಸುತ್ತಾರೆ ಎಂಬುದು ಮಾತ್ರ ತಪ್ಪು ನಂಬಿಕೆ. ನಾಚಿಕೆಪಟ್ಟವರು ಪಾರ್ಕಿಗೆ ವಾಕಿಂಗ್ ಹೋಗುವುದನ್ನು, ಡಾಕ್ಟರ ಬಳಿ ಹೋಗುವುದನ್ನು ಬಿಡುತ್ತಾರೆ.

ಲಿಪೊಸಕ್ಷನ್ ಮಾಡಿಸ್ಕೊಂಡ್ರೆ ಒಂದೇ ಸಲಕ್ಕೆ ತೊಂದರೆ ತಪ್ಪಲ್ವಾ?

ಅದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ಒಂದೆರಡು ಕಡೆ ಹಟ ಹಿಡಿದು ಕೂತ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆ. ಒಮ್ಮೆಗೆ 5 ಲೀಟರ್ ಮೀರಿದರೆ ಅಪಾಯದ ವರ್ಗಕ್ಕೆ ಸೇರುತ್ತದೆ. ಕೊಬ್ಬಿನ ಕಣ ಶ್ವಾಸಕೋಶ ಸೇರುವುದು, ರಕ್ತ ಹೆಪ್ಪುಗಟ್ಟುವುದು, ಮೈನೀರಿನ ಏರುಪೇರು, ಇವು ಜೀವ ತೆಗೆಯುವಂಥವು. ಬೆಂಗಳೂರಿನಲ್ಲಿ 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು.

ಕೇಳಲೇಬೇಕಾದ್ದು: ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ, ಅರಿವಳಿಕೆ ತಜ್ಞರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯೇ, ಎಷ್ಟು ಲೀಟರ್, ರಾತ್ರಿ ನೋಡಿಕೊಳ್ಳುವವರು ಯಾರು. ಮನೆಯವರಿಗೆ ಹೇಳದೆ ಹೋಗಬೇಡಿ.

ದಿನಕ್ಕೆ ಎರಡು ಮೂರು ಗಂಟೆ ಕನ್ನಡಿ ಮುಂದೇ ಇರ್ತೀನಿ. ದವಡೆ ಸೊಟ್ಟ ಅನ್ಸುತ್ತೆ, ಬೇರೆಯವರಿಗೆ ಕಾಣಲ್ವಂತೆ. ಹುಚ್ಚಾ ಇದು?

ಹುಚ್ಚಲ್ಲ, ಹೆಸರಿರುವ ಕಾಯಿಲೆ. ಇಟಲಿಯ ವೈದ್ಯ ಮೊರ್ಸೆಲ್ಲಿ 1891ರಲ್ಲೇ ಇದನ್ನು ಗುರುತಿಸಿದ್ದರು. ಈಗ ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಎನ್ನುತ್ತಾರೆ. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ, ಹೆಚ್ಚಾಗಿ ಹದಿಹರೆಯದಲ್ಲಿ ಶುರು. ಬೇರೆಯವರ ಕಣ್ಣಿಗೆ ಬೀಳದ ಕುಂದಿನ ಬಗ್ಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಯೋಚನೆ, ಪದೇ ಪದೇ ಕನ್ನಡಿ, ಮುಟ್ಟಿ ನೋಡುವುದು, 'ಸರಿ ಇದೆಯಾ' ಎಂದು ಕೇಳುವುದು ಇದರ ಗುರುತು. ಶಸ್ತ್ರಚಿಕಿತ್ಸೆ ಇದಕ್ಕೆ ಮದ್ದಲ್ಲ. ದವಡೆ ಮುಗಿದರೆ ಗೀಳು ಮೂಗಿಗೆ ಹೋಗುತ್ತದೆ.

ಮದ್ದು ಎರಡು ಬಗೆ. ಒಂದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ: ಕನ್ನಡಿ ನೋಡುವ ಹೊತ್ತನ್ನು ಹಂತಹಂತವಾಗಿ ಇಳಿಸುವುದು, ಮುಖ ಮುಚ್ಚದೆ ಅಂಗಡಿಗೆ ಹೋಗಿಬರುವುದು, ಹೀಗೆ ತಜ್ಞರ ಜತೆ ಅಭ್ಯಾಸ. ಇನ್ನೊಂದು ಎಸ್‌ಎಸ್‌ಆರ್‌ಐ ಎಂಬ ಬಗೆಯ ಖಿನ್ನತೆಯ ಮಾತ್ರೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು, ಫಲ ಕಾಣಲು 12 ವಾರವಾದರೂ ಕೊಡಬೇಕು. ನಾಲ್ಕು ವಾರಕ್ಕೇ ಬಿಟ್ಟು 'ಕೆಲಸ ಮಾಡಲಿಲ್ಲ' ಎನ್ನುವುದು ಸಾಮಾನ್ಯ ತಪ್ಪು. ಬದುಕೇ ಬೇಡ ಎನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಕರೆಮಾಡಿ. ಹಗಲುರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕನ್ನಡಿ ಮುಂದೆ ನಿಂತು 'ನಾನು ಸುಂದರಿ' ಅಂತ ದಿನಾ ಹೇಳ್ಕೊಂಡ್ರೆ ಪ್ರಯೋಜನ ಇದೆಯಾ?

ಕೆಲವರಿಗೆ ಇದೆ. ನಂಬಿಕೆ ಬಾರದವರಿಗೆ ಅದು ತಿರುಗಿ ಹೊಡೆಯುತ್ತದೆ, ಏಕೆಂದರೆ ಮಾತು ಮತ್ತೆ ರೂಪದ ಮೇಲೆಯೇ ನಿಂತಿತು. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಒಂದು ಅಭ್ಯಾಸವಿದೆ: ಮೈ ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು ಏನು ಮಾಡುತ್ತದೆ ಎಂದು ಬರೆಯುವುದು. ಒಂದು ವಾರದಲ್ಲಿ ಮೂರು ಸಲ, ಸಲಕ್ಕೆ 15 ನಿಮಿಷ, ಪೆನ್ನು ಹಿಡಿದು. ಮೊದಲ ಸಲ ಜೀರ್ಣ, ಗಾಯ ಮಾಯುವುದು, ಕಣ್ಣು-ಕಿವಿ. ಎರಡನೆಯ ಸಲ ನಡಿಗೆ, ಎತ್ತುವುದು, ಕುಣಿಯುವುದು. ಮೂರನೆಯ ಸಲ ಕೈಯಿಂದಾಗುವ ಕೆಲಸ, ಅಪ್ಪಿಕೊಳ್ಳುವುದು, ಹಾಡುವುದು. 'ನನ್ನ ಕೈ ಚೆನ್ನಾಗಿದೆ' ಎಂದು ಬರೆಯಬೇಡಿ. 'ಇವತ್ತು ಬಾವಿಯಿಂದ ಎಂಟು ಕೊಡ ನೀರು ಸೇದಿದ ಕೈ ಇದು, ಸಂಜೆ ಅದೇ ಕೈ ಮಲ್ಲಿಗೆ ಕಟ್ಟಿತು' ಎಂದು ಬರೆಯಿರಿ. ಆಗದ ಕೆಲಸವನ್ನು ಆಗುತ್ತದೆ ಎಂದು ಬರೆಯುವುದೂ ಬೇಡ. ಮಂಡಿನೋವಿದ್ದರೆ ಮಂಡಿ ಬಿಟ್ಟು ಬೇರೆಯದನ್ನು ಬರೆಯಿರಿ.